ಕಟ್ಟಡದ ನಡುವೆ ಬೆರಳಗಲದ ಬಿಡುವು: ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎಲ್ಲಿ, ಹೇಗೆ?

ದೊಡ್ಡ ಆಸ್ಪತ್ರೆ, ಕಾಲೇಜು ಅಥವಾ ವಸತಿ ಸಮುಚ್ಚಯದ ಉದ್ದನೆಯ ಕಾರಿಡಾರ್‌ನಲ್ಲಿ ನೆಲಕ್ಕೆ ಅಡ್ಡಲಾಗಿ ಕೂರಿಸಿದ ಅಲ್ಯೂಮಿನಿಯಂ ಪಟ್ಟಿಯೊಂದು ಕಾಣಸಿಗುತ್ತದೆ. ಅದೇ ನೇರದಲ್ಲಿ ಗೋಡೆಯ ಮೇಲೂ ಛಾವಣಿಯ ಮೇಲೂ ಗೆರೆ ಮುಂದುವರಿದಿರುತ್ತದೆ. ಹೊರನೋಟಕ್ಕೆ ಒಂದೇ ಎನಿಸುವ ಕಟ್ಟಡ ಅಲ್ಲಿ ಎರಡಾಗಿರುತ್ತದೆ. ಎಂಜಿನಿಯರ್‌ಗಳು ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಎನ್ನುವ ಈ ವಿಸ್ತರಣಾ ಸಂದನ್ನು ಬಿಡುವುದು ಸುಲಭ. ಮುಚ್ಚಿಹೋಗದಂತೆ ಉಳಿಸಿಕೊಳ್ಳುವುದೇ ಕಷ್ಟ.

ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಉಷ್ಣಾಂಶ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಗ್ಗುವುದು ತನ್ನ ಉದ್ದದ ಸುಮಾರು ಒಂದು ಲಕ್ಷದಲ್ಲೊಂದು ಭಾಗ ಮಾತ್ರ. ಆದರೆ 45 ಮೀಟರ್ ಉದ್ದದ ತಾರಸಿಯಲ್ಲಿ 30 ಡಿಗ್ರಿ ವ್ಯತ್ಯಾಸವಾದರೆ ಈ ಹಿಗ್ಗು 13 ಮಿ.ಮೀ. ದಾಟುತ್ತದೆ. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬೇಸಿಗೆಯ ಗಾಳಿಯೇ 40 ಡಿಗ್ರಿ ಮೀರುವಾಗ ಬರಿಯ ತಾರಸಿಯ ಮೇಲ್ಮೈ ಅದಕ್ಕಿಂತಲೂ ಕಾದಿರುತ್ತದೆ. ಹಿಗ್ಗಲು ಜಾಗ ಸಿಗದ ಕಾಂಕ್ರೀಟ್ ತನ್ನ ಬಲವನ್ನು ಕಂಬ ಮತ್ತು ಗೋಡೆಗಳ ಮೇಲೆ ತೋರಿಸುತ್ತದೆ. ಮೇಲಿನ ಅಂತಸ್ತಿನಲ್ಲಿ ಛಾವಣಿಯ ಕೆಳಗೆ ಅಡ್ಡಡ್ಡಲಾಗಿ, ಮೂಲೆಗಳಲ್ಲಿ ಓರೆಯಾಗಿ ಬಿರುಕುಗಳು ಮೂಡುತ್ತವೆ. ಕೆಳಗಿನ ಅಂತಸ್ತುಗಳು ಬಿಸಿಲಿನಿಂದ ಪಾರಾಗಿರುವುದರಿಂದ ಅಲ್ಲಿ ಇವು ವಿರಳ.

ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ 45 ಮೀಟರ್‌ಗಿಂತ ಉದ್ದದ ಕಾಂಕ್ರೀಟ್ ಕಟ್ಟಡಗಳಿಗೆ ಸಾಮಾನ್ಯವಾಗಿ ಒಂದು ಅಥವಾ ಹೆಚ್ಚು ಸಂದುಗಳಿರಬೇಕು. ಕಟ್ಟಡದ ಅಳತೆ ಥಟ್ಟನೆ ಬದಲಾಗುವ ಕಡೆಯೂ ಸಂದು ಅಗತ್ಯ. ‘ಎಲ್’ ಅಥವಾ ‘ಟಿ’ ಆಕಾರದ ಕಟ್ಟಡಗಳಲ್ಲಿ ರೆಕ್ಕೆಗಳು ಕೂಡುವ ಜಾಗ ಇದಕ್ಕೆ ಉದಾಹರಣೆ. 45 ಮೀಟರ್ ಎಂಬುದೇನೂ ಲಕ್ಷ್ಮಣರೇಖೆಯಲ್ಲ. ಉಷ್ಣಾಂಶ ಹಾಗೂ ಕುಗ್ಗುವಿಕೆಯ ಪರಿಣಾಮವನ್ನು ಲೆಕ್ಕ ಹಾಕಿ, ಅದಕ್ಕೆ ತಕ್ಕ ಕಬ್ಬಿಣ ನೀಡಿ ಇನ್ನೂ ಉದ್ದವಾಗಿ ಕಟ್ಟುವ ವಿನ್ಯಾಸಕಾರರಿದ್ದಾರೆ. ಲೆಕ್ಕವನ್ನೇ ಹಾಕದೆ ಸಂದು ಕೈಬಿಡುವುದು ಮಾತ್ರ ಬೇರೆಯ ಮಾತು.

ಭೂಕಂಪದ ಲೆಕ್ಕ ಇದಕ್ಕಿಂತ ಕಠಿಣ. 1985ರ ಭೂಕಂಪದಲ್ಲಿ ಮೆಕ್ಸಿಕೊ ನಗರದ ಹಲವು ಕಟ್ಟಡಗಳು ಪಕ್ಕದ ಕಟ್ಟಡಕ್ಕೆ ಬಡಿದು ಹಾನಿಗೀಡಾದವು. ಉಷ್ಣಾಂಶಕ್ಕಷ್ಟೇ ಆದರೆ 20ರಿಂದ 25 ಮಿ.ಮೀ. ಬಿಡುವು ಸಾಕು. ಐಎಸ್ 4326:1993 ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳಿಗೆ ಪ್ರತಿ ಅಂತಸ್ತಿಗೆ 20 ಮಿ.ಮೀ. ಎಂಬ ಅಳತೆ ನೀಡುತ್ತದೆ. ಕಂಪನದ ಅಪಾಯ ಕಡಿಮೆಯಿರುವೆಡೆ ಇದನ್ನು ಇಳಿಸಬಹುದು, ಆದರೆ ಒಟ್ಟು ಬಿಡುವು 25 ಮಿ.ಮೀ.ಗಿಂತ ಕಡಿಮೆಯಾಗುವಂತಿಲ್ಲ.

ಸಂದಿನ ಎರಡೂ ಬದಿಗೆ ಪ್ರತ್ಯೇಕ ಕಂಬ, ಪ್ರತ್ಯೇಕ ತೊಲೆ ನೀಡುವುದು ರೂಢಿಯ ವಿಧಾನ. ಮಣ್ಣಿನೊಳಗೆ ಉಷ್ಣಾಂಶ ಹೆಚ್ಚು ಏರಿಳಿಯದ ಕಾರಣ ಜೋಡಿ ಕಂಬಗಳಿಗೆ ಒಂದೇ ಅಡಿಪಾಯ ಇರಬಹುದು. ಹಳೆಯ ಕಟ್ಟಡಕ್ಕೆ ಹೊಸ ಭಾಗ ಸೇರಿಸುವಾಗ ಅಥವಾ ಎರಡು ಭಾಗಗಳ ಎತ್ತರದಲ್ಲಿ ಭಾರೀ ಅಂತರವಿದ್ದಾಗ ಒಂದು ಭಾಗ ಹೆಚ್ಚು ಕುಸಿಯುವ ಭಯವಿರುತ್ತದೆ. ಅಂಥಲ್ಲಿ ಅಡಿಪಾಯವನ್ನೂ ಬೇರ್ಪಡಿಸಬೇಕು.

ಸಂದಿನ ಮೂಲಕ ಒಂದು ಕಂಬಿಯೂ ಹಾಯಬಾರದು. ನೀರಿನ ಕೊಳವೆ, ವಿದ್ಯುತ್ ಪೈಪುಗಳು ದಾಟಲೇಬೇಕಿದ್ದರೆ ಅಲ್ಲಿ ಬಾಗುವ ಜೋಡಣೆ ಇರಬೇಕು. ಟೈಲ್ಸ್, ಗಾರೆ, ತಾರಸಿಯ ಪ್ಯಾರಪೆಟ್ ಎಲ್ಲವೂ ಅದೇ ನೇರದಲ್ಲಿ ತುಂಡಾಗಬೇಕು. ಬಿಡುವಿನೊಳಗೆ ಅದುಮಿದರೆ ಕುಗ್ಗುವ ಹಲಗೆ, ಹೊರಬಾಯಿಗೆ ಪಾಲಿಸಲ್ಫೈಡ್‌ನಂತಹ ರಬ್ಬರಿನ ಗುಣದ ಸೀಲಂಟ್ ತುಂಬಲಾಗುತ್ತದೆ. ಮೇಲಿನ ಪಟ್ಟಿಗೆ ಒಂದು ಬದಿಯಲ್ಲಿ ಮಾತ್ರ ಸ್ಕ್ರೂ ಹಾಕಬೇಕು. ಎರಡೂ ಬದಿಗೆ ಬಿಗಿದರೆ ಪಟ್ಟಿಯೇ ಕಿತ್ತುಬರುತ್ತದೆ.

ತಾರಸಿಯಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಸಂದಿನ ಎರಡೂ ಅಂಚಿಗೆ ಸಣ್ಣ ಕಟ್ಟೆ ಎಬ್ಬಿಸಿ, ಮೇಲೆ ಮುಚ್ಚಳ ಹಾಕಿ, ನೀರು ಅದರಿಂದ ದೂರ ಹರಿಯುವಂತೆ ಇಳಿಜಾರು ಕೊಡಬೇಕು. ಇದನ್ನು ಉಳಿಸಿದ ಕಡೆ ಮೊದಲ ಮಳೆಗೇ ಸೋರಿಕೆ ಆರಂಭವಾಗುತ್ತದೆ. ಕೆಳಮನೆಯವರು ದೂರುತ್ತಾರೆ, ಮೇಸ್ತ್ರಿ ಬಂದು ಸಿಮೆಂಟ್ ಗಾರೆ ತುಂಬಿ ಹೋಗುತ್ತಾನೆ. ಮುಂದಿನ ಬೇಸಿಗೆಗೆ ಗಾರೆ ಹಿಗ್ಗನ್ನು ತಡೆಯುತ್ತದೆ, ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ, ನೀರು ಈಗ ಎರಡು ಕಡೆ ಇಳಿಯುತ್ತದೆ. ಸೋರುವ ಸಂದಿಗೆ ಔಷಧ ಗಾರೆಯಲ್ಲ. ಹಳೆಯದನ್ನು ಪೂರ್ತಿ ಕೆದಕಿ, ಅಂಚುಗಳನ್ನು ಒಣಗಿಸಿ, ಹೊಸ ಸೀಲಂಟ್ ಹಾಕಬೇಕು. ಬಿಸಿಲಿಗೆ ಸೀಲಂಟ್ ಗಡುಸಾಗಿ ಸೀಳುವುದು ಸಹಜವಾದ್ದರಿಂದ ಪ್ರತಿ ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲೇ, ಮುಚ್ಚಳ ತೆಗೆದು ನೋಡಿಸುವುದು ಲೇಸು.