ಗ್ರಾಂಟ್ ರೋಡ್: ನಕ್ಷೆಯ ಗೆರೆ ಬದಲಾದರೆ ಜನಪ್ರತಿನಿಧಿಯೂ ಬದಲು, ಏನಿದು ಕ್ಷೇತ್ರ ಪುನರ್‌ವಿಂಗಡಣೆ?

ಮುಂಬೈ: 2004ರ ವಿಧಾನಸಭಾ ಚುನಾವಣೆವರೆಗೆ ಗ್ರಾಂಟ್ ರೋಡ್ ಆಸುಪಾಸಿನಲ್ಲಿ ಖೇತ್‌ವಾಡಿ, ಆಪೆರಾ ಹೌಸ್, ನಾಗಪಾಡಾ ಎಂಬ ಕ್ಷೇತ್ರಗಳಿದ್ದವು. 2009ರಲ್ಲಿ ಜನ ಮತ್ತೆ ಮತಗಟ್ಟೆಗೆ ಬರುವ ಹೊತ್ತಿಗೆ ಆ ಮೂರೂ ಹೆಸರುಗಳು ಅಳಿಸಿಹೋಗಿದ್ದವು. ಮತದಾರರು ಮನೆ ಬದಲಿಸಿರಲಿಲ್ಲ. ಬದಲಾಗಿದ್ದು ನಕ್ಷೆಯ ಗೆರೆ.

ಜನಗಣತಿಯ ಆಧಾರದಲ್ಲಿ ಚುನಾವಣಾ ಕ್ಷೇತ್ರಗಳ ಗಡಿಯನ್ನು ಮರುನಿಗದಿ ಮಾಡುವುದೇ ಕ್ಷೇತ್ರ ಪುನರ್‌ವಿಂಗಡಣೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಆಯೋಗ 2001ರ ಜನಗಣತಿ ಇಟ್ಟುಕೊಂಡು ಈ ಕೆಲಸ ಮುಗಿಸಿತು. 2008ರಲ್ಲಿ ಜಾರಿಗೆ ಬಂದ ಈ ಹೊಸ ಗಡಿಗಳಲ್ಲಿ ಮೊದಲು ವಿಧಾನಸಭೆಗೆ ಮತ ಹಾಕಿದ್ದು ಕರ್ನಾಟಕವೇ, ಅದೇ ವರ್ಷದ ಮೇ ತಿಂಗಳಲ್ಲಿ.

17 ಇದ್ದದ್ದು 10 ಆಯಿತು

ಅದಕ್ಕೂ ಮೊದಲು ಮುಂಬೈ ನಗರ ಜಿಲ್ಲೆಗೆ 17, ಉಪನಗರ ಜಿಲ್ಲೆಗೆ 17 ಶಾಸಕ ಸ್ಥಾನಗಳಿದ್ದವು. ಜನಸಂಖ್ಯೆ ಮಾತ್ರ ಹಾಗೆ ಸಮನಾಗಿರಲಿಲ್ಲ. 2001ರಲ್ಲಿ ನಗರದಲ್ಲಿ 33.38 ಲಕ್ಷ, ಉಪನಗರದಲ್ಲಿ 86.40 ಲಕ್ಷ ಜನರಿದ್ದರು. ಅಂದರೆ ಗ್ರಾಂಟ್ ರೋಡ್ ಕಡೆ ಸುಮಾರು 2 ಲಕ್ಷ ಜನರಿಗೆ ಒಬ್ಬ ಶಾಸಕ, ಅಂಧೇರಿ, ಬೋರಿವಲಿ ಕಡೆ 5 ಲಕ್ಷಕ್ಕೆ ಒಬ್ಬ. ಇದು ಉಪನಗರದವರಿಗೆ ಅನ್ಯಾಯವೇ ಆಗಿತ್ತು. ಪುನರ್‌ವಿಂಗಡಣೆ ಬಳಿಕ ನಗರಕ್ಕೆ 10, ಉಪನಗರಕ್ಕೆ 26 ಸ್ಥಾನ ಸಿಕ್ಕವು. ಎರಡೂ ಕಡೆ ಸರಾಸರಿ 3.3 ಲಕ್ಷಕ್ಕೆ ಬಂತು.

ಲೆಕ್ಕ ಸರಿಹೋಯಿತು, ಆದರೆ ಗ್ರಾಂಟ್ ರೋಡ್‌ನ ಪಾಡು ಬೇರೆ. ಹಳೇ ಚಾಳ್‌ಗಳ ಖೇತ್‌ವಾಡಿ ಈಗ ದೇಶದ ಅತಿ ಶ್ರೀಮಂತರ ಬಂಗಲೆಗಳಿರುವ ಮಲಬಾರ್ ಹಿಲ್ ಜತೆ ಒಂದೇ ಕ್ಷೇತ್ರ. ಸ್ಟೇಷನ್‌ನ ಪೂರ್ವಕ್ಕಿರುವ ಕಾಮಾಠಿಪುರ ಮುಂಬಾದೇವಿ ಕ್ಷೇತ್ರದಲ್ಲಿದೆ. ಸೋರುವ ಸೂರು, ಬಿರುಕು ಬಿಟ್ಟ ಗೋಡೆ ಎರಡೂ ಕಡೆ ಒಂದೇ. ದೂರು ಒಯ್ಯಬೇಕಾದ ಶಾಸಕರು ಮಾತ್ರ ಬೇರೆ ಬೇರೆ.

ಜನಗಣತಿ ಎಣಿಸುವುದು ನಿವಾಸಿಗಳನ್ನು. ಲ್ಯಾಮಿಂಗ್ಟನ್ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ನಿತ್ಯ ಬರುವವರು, ಇಲ್ಲಿ ಹೋಟೆಲ್ ನಡೆಸಿ ರಾತ್ರಿ ಉಪನಗರದ ಮನೆಗೆ ರೈಲು ಹಿಡಿಯುವ ನಮ್ಮ ಕರಾವಳಿಯವರು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇಲ್ಲಿನ ಚರಂಡಿ, ಫುಟ್‌ಪಾತ್‌ಗಳ ಮೇಲೆ ಅವರ ಭಾರವೂ ಇದೆ.

ಕಾರ್ಪೊರೇಟರ್ ಇಲ್ಲದ ವರ್ಷಗಳು

ಪಾಲಿಕೆಯಲ್ಲೂ ಇದೇ ಕಥೆ. ನಾನಾ ಚೌಕ್‌ನಲ್ಲಿ ಕಚೇರಿ ಇರುವ 'ಡಿ' ವಾರ್ಡ್ ಆಡಳಿತದ ವಿಭಾಗ. ಅದರೊಳಗೆ 214ರಿಂದ 219ರವರೆಗಿನ ಸಂಖ್ಯೆಯವು ಚುನಾವಣಾ ವಾರ್ಡ್‌ಗಳು. 2011ರ ಜನಗಣತಿಯಂತೆ ಗಡಿ ಬದಲಿಸಿದಾಗ, 2017ರ ಚುನಾವಣೆಗೆ ನಗರ ಭಾಗ 7 ವಾರ್ಡ್ ಕಳೆದುಕೊಂಡಿತು. ಅವೆಲ್ಲ ಉಪನಗರಕ್ಕೆ ಹೋದವು.

ಮುಂದೆ ಮಹಾ ವಿಕಾಸ್ ಆಘಾಡಿ ಸರಕಾರ ಒಟ್ಟು ವಾರ್ಡ್‌ಗಳನ್ನು 227ರಿಂದ 236ಕ್ಕೆ ಏರಿಸಿತು. 2022ರ ಆಗಸ್ಟ್‌ನಲ್ಲಿ ಶಿಂಧೆ ಸರಕಾರ ಮತ್ತೆ 227ಕ್ಕೇ ಇಳಿಸಿತು. ಈ ಎಳೆದಾಟ, ಒಬಿಸಿ ಮೀಸಲಾತಿ ವ್ಯಾಜ್ಯಗಳ ನಡುವೆ ಚುನಾವಣೆಯೇ ನಿಂತುಹೋಯಿತು. 2022ರ ಮಾರ್ಚ್ 7ಕ್ಕೆ ಅವಧಿ ಮುಗಿದ ಬಳಿಕ ಆಡಳಿತಾಧಿಕಾರಿಯದೇ ಕಾರುಬಾರು. ಮತದಾನ ನಡೆದದ್ದು 2026ರ ಜನವರಿ 15ರಂದು.

2024ರ ಜುಲೈ 20ರಂದು ಗ್ರಾಂಟ್ ರೋಡ್ ಸ್ಟೇಷನ್ ಬಳಿ ಹಳೇ ಕಟ್ಟಡದ ಬಾಲ್ಕನಿ ಕುಸಿದು ಮಹಿಳೆಯೊಬ್ಬರು ಮೃತಪಟ್ಟರು. ಇಂಥ ಹಳೇ ಕಟ್ಟಡಗಳ ದುರಸ್ತಿ ಮ್ಹಾಡಾ ಮಂಡಳಿಯ ಹೊಣೆ, ಪಾಲಿಕೆಯದ್ದಲ್ಲ ನಿಜ. ಆದರೆ ಎರಡು ಕಚೇರಿಗಳ ನಡುವೆ ಓಡಾಡಿ ಫೈಲ್ ಮುಂದೂಡಿಸುವವರು ಸಾಮಾನ್ಯವಾಗಿ ಕಾರ್ಪೊರೇಟರ್. ಅಂದು ಆ ಹುದ್ದೆ ಖಾಲಿ ಇತ್ತು.

ಆಕ್ಷೇಪಣೆ ಸಲ್ಲಿಸುವುದು ಹೇಗೆ?

ವಾರ್ಡ್ ಗಡಿಯ ಕರಡನ್ನು ಪಾಲಿಕೆ ಸಿದ್ಧಪಡಿಸುತ್ತದೆ, ರಾಜ್ಯ ಚುನಾವಣಾ ಆಯೋಗ ಒಪ್ಪಿಗೆ ನೀಡುತ್ತದೆ. ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕೆಲವೇ ದಿನ ಅವಕಾಶ. ಅಂತಿಮ ಅಧಿಸೂಚನೆ ಹೊರಬಿದ್ದ ಮೇಲೆ ಕೋರ್ಟ್‌ನಲ್ಲಿ ಪ್ರಶ್ನಿಸುವುದಕ್ಕೆ ಸಂವಿಧಾನದ 243ಝಡ್‌ಜಿ ವಿಧಿ ಅಡ್ಡಬರುತ್ತದೆ. ವಿಧಾನಸಭೆ, ಲೋಕಸಭೆ ಕ್ಷೇತ್ರಗಳಿಗೆ 329ನೇ ವಿಧಿ ಇದೆ.

2011ರಲ್ಲೇ ಮುಂಬೈ ನಗರ ಜಿಲ್ಲೆಯ ಜನಸಂಖ್ಯೆ 30.85 ಲಕ್ಷಕ್ಕೆ ಇಳಿದು, ಉಪನಗರದ್ದು 93.57 ಲಕ್ಷಕ್ಕೆ ಏರಿತ್ತು. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1.