ವಸೂಲಿ: ಬಂದು ಸೇರಿದ್ದು, ಹಿಂಡಿ ತೆಗೆದದ್ದು

ವಸೂಲಿ ಅರಬ್ಬಿಯ ‘ವುಸೂಲ್’ನಿಂದ ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಪದ, ಮೂಲದಲ್ಲಿ ತಲುಪುವುದು, ಬಂದು ಸೇರುವುದು ಎಂದಷ್ಟೇ ಅರ್ಥ. ಮರಾಠಿ, ತೆಲುಗು, ತಮಿಳಿನಲ್ಲೂ ಇದರ ರೂಪಗಳಿವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ‘ಬಾಕಿ ವಸೂಲಾತು’ ಎಂದರೆ ಹಣ ಕೈಸೇರಿತು ಎಂಬ ಹಳೆಯ ಅರ್ಥವೇ. ಆದರೆ ಕಿರುಸಾಲದ ಕಂತಿಗಾಗಿ ಮನೆಬಾಗಿಲಲ್ಲಿ ಕೂತು ಮರ್ಯಾದೆ ಕಳೆಯುವುದಕ್ಕೂ ಈಗ ಅದೇ ಹೆಸರು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಮಹಿಳೆಯರು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿ ರಕ್ಷಣೆ ಕೇಳಿದರು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟ ಸಾಲ ಕೇಳಬಾರದೇ ಎಂಬ ಆಕ್ಷೇಪ ಸಹಜ. ಧಾರಾಳವಾಗಿ ಕೇಳಬಹುದು; ಕಾಯ್ದೆ ತಡೆಯುವುದು ಬೆದರಿಕೆಯನ್ನು, ಬೆನ್ನುಹತ್ತಿ ಕಾಡುವುದನ್ನು, ಹಿಂಸೆಯನ್ನು.