ಪ್ರಿಪೇರ್ಡ್ ಪಿಯಾನೋ

ತಂತಿಗಳ ನಡುವೆ ಬೋಲ್ಟು, ಸ್ಕ್ರೂ, ರಬ್ಬರ್ ತುಂಡು ಸಿಕ್ಕಿಸಿ ನಾದ ಬದಲಿಸಿದ ಪಿಯಾನೋ. ತಾಳವಾದ್ಯಗಳಿಗೆ ರಂಗದಲ್ಲಿ ಜಾಗವಿಲ್ಲದಾಗ, 1940ರಲ್ಲಿ ಸಿಯಾಟಲ್‌ನ ನೃತ್ಯವೊಂದಕ್ಕಾಗಿ ಅಮೆರಿಕದ ಜಾನ್ ಕೇಜ್ ಇದನ್ನು ರೂಪಿಸಿದರು. ಅವರ ‘ಸೊನಾಟಾಸ್ ಅಂಡ್ ಇಂಟರ್‌ಲೂಡ್ಸ್’ (1946–48) ಕೃತಿಯಲ್ಲಿ 45 ಸ್ವರಗಳಿಗೆ ಇಂಥ ಸಿದ್ಧತೆಯಿದೆ. ಭಾರತೀಯ ರಸಸಿದ್ಧಾಂತ ಅದರ ಪ್ರೇರಣೆ. ಯಾವ ವಸ್ತು, ಯಾವ ತಂತಿಗಳ ನಡುವೆ, ತಂತಿಯ ನಾದ ತಡೆಯುವ ಡ್ಯಾಂಪರಿನಿಂದ ಎಷ್ಟು ಇಂಚು ದೂರ ಎಂಬ ಪಟ್ಟಿ ಸ್ವರಲಿಪಿಯ ಜೊತೆಗೇ ಇರುತ್ತದೆ. ಆದರೆ ತಂತಿಯ ಉದ್ದ ಪಿಯಾನೋದಿಂದ ಪಿಯಾನೋಗೆ ಬೇರೆ. ಅಳತೆಯಿಂದ ಶುರುಮಾಡಿದರೂ ಕೊನೆಗೆ ಕಿವಿಯನ್ನೇ ನಂಬಬೇಕು. ಬಲಗಡೆಯ ಪೆಡಲ್ ಒತ್ತಿ ಡ್ಯಾಂಪರ್ ಎತ್ತಿಕೊಂಡು, ತಂತಿಗಳನ್ನು ಮೆಲ್ಲನೆ ಅಗಲಿಸಿ ಬೋಲ್ಟನ್ನು ಇಳಿಸಬೇಕು. ಸಡಿಲವಾಗಿ ಕೂತರೆ ಅದು ನುಡಿಸುವಾಗಲೇ ಜಾರುತ್ತದೆ. ಇಷ್ಟಕ್ಕೆಲ್ಲ ಗಂಟೆಗಟ್ಟಲೆ ಬೇಕು. ಕಛೇರಿಯ ಸಭಾಂಗಣವನ್ನೂ ವಾದ್ಯದ ಒಡೆಯರ ಒಪ್ಪಿಗೆಯನ್ನೂ ಮೊದಲೇ ಪಡೆದಿರುವುದು ಅಗತ್ಯ.